ಕುಂದಗೋಳದ ಕಂದೀಲು ಮತ್ತು ನಾನು ಮಾಡಿದ ಫೋಟೋ

ಹೋದ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಿದ್ದೆ. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಕಪ್ಪು-ಬಿಳುಪು ಫೋಟೋ ಬಂತು. ರಾತ್ರಿ ಹೊತ್ತು, ಒಂದು ಸಣ್ಣ ರೈಲ್ವೆ ಸ್ಟೇಷನ್. ಸೀರೆಯ ಸೆರಗನ್ನು ಹೆಗಲ ತುಂಬ ಹೊದ್ದ ಒಬ್ಬ ಹೆಣ್ಣುಮಗಳು. ಪಕ್ಕದಲ್ಲಿ ಕೈಯಲ್ಲಿ ಕಂದೀಲು ಹಿಡಿದ ಹುಡುಗ. ದೂರದಲ್ಲಿ ಉಗಿಬಂಡಿಯ ಹೊಗೆ. ಕೆಳಗೆ ಹೀಗೆ ಬರೆದಿತ್ತು: 1938, ಕುಂದಗೋಳ ಸ್ಟೇಷನ್, ಗಂಗೂಬಾಯಿ ಹಾನಗಲ್ ಅವರನ್ನು ರೈಲಿಗೆ ಬಿಡಲು ಬಂದ ಬಾಲಕ ಭೀಮಸೇನ ಜೋಶಿ, ಅತಿ ಅಪರೂಪದ ಚಿತ್ರ, ಎಲ್ಲರಿಗೂ ಕಳಿಸಿ.

ಕಳಿಸಿದವರು ನಮ್ಮ ಕಾಕಾ. ಕುಂದಗೋಳದ ಸಂಗೀತೋತ್ಸವಕ್ಕೆ ವರ್ಷ ತಪ್ಪದೆ ಹೋಗಿ, ರಾತ್ರಿ ಪೂರ್ತಿ ಕೂತು ಕೇಳಿ, ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಬಂದು ಹೊಲಕ್ಕೆ ಹೋಗುವ ಮನುಷ್ಯ. ಫೋಟೋದ ಕೆಳಗೆ ಅವರದೇ ಧ್ವನಿ ಸಂದೇಶ: "ನೋಡೋ ತಮ್ಮಾ, ಎಂಥಾ ಫೋಟೋ ಸಿಕ್ಕೈತಿ! ದೊಡ್ಡದ ಮಾಡಿಸಿ ಫ್ರೇಮ್ ಹಾಕಾಕ ಹುಬ್ಬಳ್ಳಿಗೆ ಕೊಟ್ಟ ಬಂದೀನಿ."

ಮುಂದಿನ ಸ್ಟೇಷನ್ ಬರುವವರೆಗೂ ನನಗೆ ಏನು ಮಾಡಬೇಕು ಅಂತ ತೋಚಲಿಲ್ಲ. ಯಾಕೆಂದರೆ ಆ ಫೋಟೋ ನಾನು ಮಾಡಿದ್ದು. ಮೂರು ತಿಂಗಳ ಹಿಂದೆ, ಒಂದು ಶನಿವಾರ ರಾತ್ರಿ, ನನ್ನ ಲ್ಯಾಪ್‌ಟಾಪಿನಲ್ಲಿ, ಎಐ ಬಳಸಿ.

ನನಗೆ ಎರಡು ಹವ್ಯಾಸ. ಒಂದು ಹಳೆಯದು, ಹಾಡು ಕೇಳುವುದು. ನಾನು ಹುಟ್ಟಿ ಬೆಳೆದದ್ದು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹತ್ತಿ, ಒಣಮೆಣಸಿನಕಾಯಿ ಬೆಳೆಯುವ ಎರೆಮಣ್ಣಿನ ಊರು. ಮನೆಯಲ್ಲಿ ಒಂದು ರೇಡಿಯೋ ಇತ್ತು, ಅದರ ಮುಳ್ಳು ಯಾವಾಗಲೂ ಧಾರವಾಡ ಆಕಾಶವಾಣಿಯ ಮೇಲೇ ನಿಂತಿರುತ್ತಿತ್ತು. 1950ರ ಜನವರಿಯಲ್ಲಿ ಶುರುವಾದ ಆ ನಿಲಯ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಸಂಗೀತ ಶಾಲೆ ಇದ್ದಂತೆ. ರಾಗದ ಹೆಸರು ಗೊತ್ತಿಲ್ಲದೆಯೇ ರಾಗ ಗುರುತು ಹಿಡಿಯೋದು ನಾವು ಕಲಿತದ್ದು ಹಾಗೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೂ ಕೋಡ್ ಬರೆಯುವಾಗ ಕಿವಿಯಲ್ಲಿ ಇರೋದು ಅದೇ.

ಎರಡನೆಯ ಹವ್ಯಾಸ ಹೊಸದು. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಬಿಡುಗಡೆ ಆಯಿತು. ಪದಗಳಲ್ಲಿ ಬರೆದರೆ ಚಿತ್ರ ಮಾಡಿಕೊಡುವ ತಂತ್ರಾಂಶ, ಅದೂ ನಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. ಎಲ್ಲರೂ ಅದರಲ್ಲಿ ಗಗನಯಾತ್ರಿ, ಡ್ರ್ಯಾಗನ್ ಮಾಡುತ್ತಿದ್ದಾಗ ನಾನು ನಮ್ಮೂರಿನ ಸಂಗೀತದ ಇತಿಹಾಸ ಮಾಡೋಣ ಅಂದುಕೊಂಡೆ. ನಮ್ಮ ಹತ್ತಿರ ಕಥೆ ಇದೆ, ಹಾಡು ಇದೆ, ಚಿತ್ರ ಕಡಿಮೆ. ಆ ಖಾಲಿ ಜಾಗ ತುಂಬೋಣ ಅನ್ನೋದು ಆಸೆ.

ಆ ಕಥೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಬರುವವರು ಕುಂದಗೋಳ ಅನ್ನುವ ಬೋರ್ಡು ನೋಡಿರುತ್ತೀರಿ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಮೊಬೈಲಿಂದ ತಲೆ ಎತ್ತುವಷ್ಟರಲ್ಲಿ ದಾಟಿ ಹೋಗುವ ಊರು. ಬ್ರಿಟಿಷರ ಕಾಲದಲ್ಲಿ ಸುತ್ತಲಿನ ಬಹುಪಾಲು ಪ್ರದೇಶ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರೆ, ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದು. ನಡುವೆ ಒಂದು ದ್ವೀಪ ಇದ್ದ ಹಾಗೆ. ಅಲ್ಲಿನ ವತನದಾರರು ನಾಡಿಗೇರರು. ಅವರ ವಾಡೆ ಇವತ್ತಿಗೂ ಇದೆ.

ಈ ವಾಡೆಗೆ ಉಸ್ತಾದ್ ಅಬ್ದುಲ್ ಕರೀಂ ಖಾನ್ ಬರುತ್ತಿದ್ದರು. ಖಾನ್ ಸಾಹೇಬರು 1872ರಲ್ಲಿ ಉತ್ತರಪ್ರದೇಶದ ಕೈರಾನಾದಲ್ಲಿ ಹುಟ್ಟಿದವರು. ಕಿರಾನಾ ಘರಾಣೆ ಅನ್ನುವ ಹೆಸರು ಬಂದದ್ದು ಆ ಊರಿಂದ. ದೆಹಲಿಯ ಆಚೆಯ ಊರಿನ ಗವಾಯಿಗೂ ಕುಂದಗೋಳಕ್ಕೂ ಎಲ್ಲಿಯ ನಂಟು? ಉತ್ತರ ಸರಳ: ರೈಲು ಮತ್ತು ಮೈಸೂರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರನ್ ಮರಾಠಾ ರೈಲ್ವೆ ಈ ಭಾಗಕ್ಕೆ ಬಂತು. ಪುಣೆ, ಮೀರಜ್ ಕಡೆಯ ಗಾಯಕರು ಮೈಸೂರಿನ ಅರಮನೆಗೆ ಹಾಡಲು ಹೋಗುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ಬೀಳುತ್ತಿದ್ದವು. ದಾರಿಯಲ್ಲಿ ಇಳಿದರು, ಹಾಡಿದರು, ಕೆಲವರು ತಿಂಗಳುಗಟ್ಟಲೆ ಉಳಿದರು, ಶಿಷ್ಯರನ್ನು ಮಾಡಿಕೊಂಡರು. ಉತ್ತರದ ಹಾಡು ಕನ್ನಡದ ಎರೆಮಣ್ಣಿನಲ್ಲಿ ಬೇರುಬಿಟ್ಟದ್ದರ ಹಿಂದೆ ಒಂದು ಮೀಟರ್ ಗೇಜ್ ರೈಲು ದಾರಿಯ ಕೆಲಸವೂ ಇದೆ. ಖಾನ್ ಸಾಹೇಬರ ಬದುಕು ಮುಗಿದದ್ದೂ ರೈಲ್ವೆ ಪ್ಲಾಟ್‌ಫಾರ್ಮಿನಲ್ಲೇ. 1937ರ ಅಕ್ಟೋಬರ್‌ನಲ್ಲಿ ಪಾಂಡಿಚೇರಿಗೆ ಹೊರಟಿದ್ದಾಗ ಆರೋಗ್ಯ ಕೆಟ್ಟು, ಚೆಂಗಲ್ಪಟ್ಟು ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ತೀರಿಕೊಂಡರು.

ಅವರಿಗೆ ಕುಂದಗೋಳದಲ್ಲಿ ಸಿಕ್ಕ ಶಿಷ್ಯ ರಾಮಭಾವು. 1886ರಲ್ಲಿ ಹುಟ್ಟಿದ ರಾಮಚಂದ್ರ ಗಣೇಶ ಸೌಂಶಿ. ತಂದೆ ನಾಡಿಗೇರರ ವಾಡೆಯಲ್ಲಿ ಕಾರಕೂನ. ಹುಡುಗನಿಗೆ ಸಾಲಿಯ ಪಾಠಕ್ಕಿಂತ ಹಾಡಿನ ಮೇಲೆ ಮನಸ್ಸು. ಮುಂದೆ ಮರಾಠಿ ನಾಟಕ ಕಂಪನಿ ಸೇರಿ ಸ್ತ್ರೀಪಾತ್ರಗಳಲ್ಲಿ ಹಾಡಿ ಎಂಥಾ ಹೆಸರು ಮಾಡಿದರೆಂದರೆ, ಬಾಲಗಂಧರ್ವರು ಇದ್ದ ಕಾಲದಲ್ಲಿ ಜನ ಇವರನ್ನು ಸವಾಯಿ ಗಂಧರ್ವ ಅಂದರು. ನಮ್ಮ ಕಡೆ ಅಂಗಡಿಯಲ್ಲಿ ಸವಾ ಕಿಲೋ ಸಕ್ಕರಿ ಅಂತ ಕೇಳುತ್ತೇವಲ್ಲ, ಅದೇ ಸವಾ. ಗಂಧರ್ವನಿಗಿಂತ ಕಾಲು ಪಾಲು ಜಾಸ್ತಿ!

ಹಾಗಂತ ದನಿ ಹುಟ್ಟಿನಿಂದ ಬಂದ ವರವೇನಲ್ಲ. ಹರೆಯದಲ್ಲಿ ಒಡೆದ ದನಿಯನ್ನು ರಿಯಾಜ್ ಮಾಡಿ ಮಾಡಿ ಹದಕ್ಕೆ ತಂದುಕೊಂಡವರು ಅವರು. ನಾಟಕ ಬಿಟ್ಟು ಊರಿಗೆ ಬಂದ ಮೇಲೆ ಪಾಠ ಹೇಳಿದ್ದೂ ಅದೇ ಶಿಸ್ತಿನಲ್ಲಿ. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಒಂದೊಂದೇ ಸ್ವರವನ್ನು ಲೆಕ್ಕ ಹಾಕಿ ಖರ್ಚು ಮಾಡಬೇಕು ಅಂತ ಗುರುಗಳು ಕಲಿಸಿದರು ಎಂದು ಗಂಗೂಬಾಯಿ ಹಾನಗಲ್ ನೆನಪಿಸಿಕೊಳ್ಳುತ್ತಿದ್ದರು.

ಗಂಗೂಬಾಯಿ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಅವರ ಹಾಡು ಕೇಳಲು ಸ್ವತಃ ಅಬ್ದುಲ್ ಕರೀಂ ಖಾನ್ ಮನೆಗೆ ಬರುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ವೇದಿಕೆಯಲ್ಲಿ, 11 ವರ್ಷದ ಗಂಗೂಬಾಯಿ ಸ್ವಾಗತಗೀತೆ ಹಾಡಿದರು. ಆ ದಿನ ಅವರ ಮನಸ್ಸಿನಲ್ಲಿದ್ದ ಅಂಜಿಕೆ ಹಾಡಿನದಲ್ಲ. ತಮ್ಮ ಜಾತಿಯ ಕಾರಣಕ್ಕೆ ಉಂಡ ಎಲೆ ಎತ್ತಲು ಹೇಳಿಬಿಟ್ಟರೆ ಅನ್ನೋದು. ಮುಂದೆ ಹಾಡು ಕಲಿಯಲು ಬೀದಿಯಲ್ಲಿ ನಡೆದು ಹೋಗುವಾಗ 'ಗಾನೇವಾಲಿ ಬಂದ್ಲು' ಅಂತ ಜನ ಹಂಗಿಸಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ.

ಮೂವತ್ತರ ದಶಕದ ಕೊನೆಯಲ್ಲಿ ಅವರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗತೊಡಗಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ, ಪಾಠ ಮುಗಿಸಿ ರಾತ್ರಿ ರೈಲಿಗೆ ವಾಪಸ್ಸು. ಅದೇ ಹೊತ್ತಿಗೆ ಗುರುಗಳ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ. ಖಾನ್ ಸಾಹೇಬರ ರೆಕಾರ್ಡು ಕೇಳಿ ತಲೆಕೆಟ್ಟು, 1933ರಲ್ಲಿ, 11ರ ವಯಸ್ಸಿನಲ್ಲಿ ಗದಗಿನ ಮನೆ ಬಿಟ್ಟು ಓಡಿಹೋಗಿ, ಗ್ವಾಲಿಯರ್, ಜಲಂಧರ್ ಅಂತ ಉತ್ತರ ಹಿಂದೂಸ್ತಾನವೆಲ್ಲ ಗುರುವಿಗಾಗಿ ಅಲೆದು, ಕೊನೆಗೆ 1936ರಲ್ಲಿ ಮನೆಯ ಹತ್ತಿರದ ಕುಂದಗೋಳಕ್ಕೇ ಬಂದು ನಿಂತ ಹುಡುಗ. ಗುರುಗಳ ಮನೆಗೆ ನೀರು ಹೊರುತ್ತಿದ್ದ. ಪಾಠ ಮುಗಿದ ಮೇಲೆ ಗಂಗೂಬಾಯಿಯವರ ಜೊತೆ ಸ್ಟೇಷನ್ನಿನವರೆಗೆ ನಡೆದು ಹೋಗಿ, ದಾರಿಯಲ್ಲಿ 'ಇವತ್ತು ಏನು ಹೇಳಿಕೊಟ್ಟರು' ಅಂತ ಕೇಳಿಸಿಕೊಳ್ಳುತ್ತಿದ್ದ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ. ಹೇಳುವವರು ಅವನ ಕೈಯಲ್ಲಿ ಒಂದು ಕಂದೀಲನ್ನೂ ಇಡುತ್ತಾರೆ.

ಆ ಕತ್ತಲು ದಾರಿ, ಆ ಕಂದೀಲು, ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತಾ ಹೋಗುವ ಇಬ್ಬರು. ಅದರ ಫೋಟೋ ನಾನು ಎಲ್ಲೂ ನೋಡಿಲ್ಲ. ಹಾಗಾಗಿ ಮಾಡಲು ಕೂತೆ.

ಮೊದಲ ಸಲ ಬಂದದ್ದು ನೋಡಿ ನಗು ಬಂತು. 'ಹಿಂದೂಸ್ತಾನಿ ಗಾಯಕಿ, ಕರ್ನಾಟಕದ ಹಳ್ಳಿ' ಅಂತ ಕೇಳಿದರೆ ರಾಜಸ್ಥಾನದ ಅರಮನೆಯ ಮುಂದೆ ಮೈತುಂಬ ಒಡವೆ ಹೇರಿಕೊಂಡ ಇಪ್ಪತ್ತರ ಸುಂದರಿ. ಗಂಗೂಬಾಯಿಯವರಿಗೆ ಆಗ 25 ವರ್ಷ, ಮಕ್ಕಳ ತಾಯಿ, ದಿನಾ ರೈಲು ಹಿಡಿಯುವ ದಣಿವು. ಅದು ಮುಖದಲ್ಲಿ ಇರಬೇಕಲ್ಲ? ತಂಬೂರಿ ಕೇಳಿದರೆ ಸಿತಾರ್ ಕೊಟ್ಟಿತು. ತಂಬೂರಿಯೇ ಬೇಕು ಅಂತ ಹಟ ಹಿಡಿದರೆ ಒಂಬತ್ತು ತಂತಿ ಹಾಕಿತು. ನಾಲ್ಕು ತಂತಿ ಅಂತ ಬರೆದರೆ ಕೈಗೆ ಏಳು ಬೆರಳು. ಭೀಮಸೇನರಿಗೆ 16 ವರ್ಷ ಆಗಿರಬೇಕಾದ ಕಡೆ ಎಂಟು ವರ್ಷದ ಮಗು ಕಂದೀಲು ಹಿಡಿದು ನಿಂತಿತ್ತು. ವಾಡೆಯೊಳಗಿನ ಬೈಠಕ್ ಮಾಡಲು ಹೋದರೆ ನೆಲಕ್ಕೆ ಪರ್ಷಿಯಾದ ಗಾಲೀಚೆ. ನಮ್ಮ ಜಿಲ್ಲೆಯಲ್ಲಿ ಹಾಡಿನ ಬೈಠಕ್ಕಿಗೆ ಹಾಸುವುದು ಜಮಖಾನ. ಪಕ್ಕದ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕೂತು ನೇಯುವ, ಪಗಡೆ ಹಾಸು, ನವಿಲು ಇರುವ ಜಮಖಾನ ಭೌಗೋಳಿಕ ಗುರುತು ಪಡೆದಿದೆ. ಆದರೆ ಎಐಗೆ ಅದು ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ ಅನ್ನೋದು ನಮ್ಮ ಫೀಲ್ಡಿನವರಿಗೆ ಒಗಟಲ್ಲ. ಇಂಥ ಮಾಡೆಲ್‌ಗಳು ಕಲಿಯುವುದು ಅಂತರ್ಜಾಲದ ಚಿತ್ರ ಮತ್ತು ಅದರ ಪಕ್ಕ ಬರೆದಿರುವ ಪದಗಳಿಂದ. ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಲಯಾನ್ ಎಂಬ ಸಂಗ್ರಹದ ಭಾಗಗಳಿಂದ. 2022ರಲ್ಲಿ ಹೊರಬಂದ ಅದರ ದೊಡ್ಡ ಆವೃತ್ತಿಯಲ್ಲಿ 585 ಕೋಟಿ ಚಿತ್ರ-ಪದ ಜೋಡಿಗಳಿದ್ದವು. ಅದರಲ್ಲಿ 232 ಕೋಟಿ ಇಂಗ್ಲಿಷಿನದು, ಉಳಿದದ್ದರಲ್ಲಿ ಜಗತ್ತಿನ ಇತರ ಭಾಷೆಗಳೆಲ್ಲ ಹಂಚಿಕೊಳ್ಳಬೇಕು. ಯಾರೋ ಎಂದೋ ಫೋಟೋ ತೆಗೆದು, ಅದಕ್ಕೆ ಹೆಸರು ಬರೆದು, ಅಂತರ್ಜಾಲಕ್ಕೆ ಹಾಕಿದ್ದರೆ ಮಾತ್ರ ಅಲ್ಲಿ ಜಾಗ. ತಾಜಮಹಲಿಗೆ ಸಿಕ್ಕಿದೆ. ಕುಂದಗೋಳದ ವಾಡೆಗೆ ಎಷ್ಟು ಸಿಕ್ಕಿರಬಹುದು ನೀವೇ ಯೋಚಿಸಿ. ಗೊತ್ತಿಲ್ಲದ ಕಡೆ ಯಂತ್ರ ಸುಮ್ಮನೆ ಕೂರಲ್ಲ, ಹೆಚ್ಚು ನೋಡಿದ್ದನ್ನು ತಂದು ಅಲ್ಲಿ ತುಂಬುತ್ತದೆ. ಪರೀಕ್ಷೆಯಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು ಬಿಡಿ.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದೊಂದು ತಮಾಷೆಯ ಬರಹ ಆಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಎಂಜಿನಿಯರ್ ಬುದ್ಧಿ, ಬಗ್ ಕಂಡರೆ ಸರಿಪಡಿಸಬೇಕು. ಒಡವೆ ತೆಗೆಸಿದೆ. ಇಳಕಲ್ ಸೀರೆ ಉಡಿಸಿದೆ. ಅರಮನೆ ತೆಗೆದು ಸಣ್ಣ ಸ್ಟೇಷನ್ ಹಾಕಿದೆ. ದೊಡ್ಡ ಎಂಜಿನ್ ತೆಗೆದು ಮೀಟರ್ ಗೇಜಿನ ಸಣ್ಣ ಎಂಜಿನ್ ತರಿಸಿದೆ. ಹುಡುಗನ ವಯಸ್ಸು ಹೆಚ್ಚಿಸಿದೆ. ಬೆರಳು ಎಣಿಸಿ ಸರಿ ಮಾಡಿದೆ. ಕೊನೆಗೆ ಹಳೆಯ ಫೋಟೋ ಥರ ಕಾಣಲಿ ಅಂತ ಬಣ್ಣ ತೆಗೆದು, ಮೇಲೆ ಗೀರು, ಮೂಲೆಗೆ ಒಂದು ಮಡಿಕೆಯ ಗುರುತು ಹಾಕಿಸಿದೆ. ರಾತ್ರಿ ಎರಡು ಗಂಟೆಗೆ ನೋಡಿದರೆ ನನಗೇ ಮೈ ಝುಂ ಅಂದಿತು. ಮೂರು ಜನ ಗೆಳೆಯರಿಗೆ '1938, ಕುಂದಗೋಳ ಸ್ಟೇಷನ್' ಅಂತಷ್ಟೇ ಬರೆದು ಕಳಿಸಿ ಮಲಗಿದೆ. ಎಐ ಅಂತ ಬರೆಯಲಿಲ್ಲ. ಅವರಿಗೆ ಗೊತ್ತೇ ಇದೆಯಲ್ಲ ಅಂದುಕೊಂಡೆ.

ಮೂರು ತಿಂಗಳಲ್ಲಿ ಅದು ಎಲ್ಲೆಲ್ಲಿ ಸುತ್ತಿತೋ, ಯಾರು 'ಅತಿ ಅಪರೂಪದ ಚಿತ್ರ' ಅಂತ ಸೇರಿಸಿದರೋ. ಆ ಇಸವಿ ಮಾತ್ರ ನನ್ನದೇ. ಪ್ರಾಂಪ್ಟಿನಲ್ಲಿ ನಾನು ಟೈಪ್ ಮಾಡಿದ್ದು. ಈಗ ಅದು ಇತಿಹಾಸ.

ತಪ್ಪು ತಪ್ಪಾಗಿದ್ದಾಗ ನನ್ನ ಚಿತ್ರ ಯಾರಿಗೂ ಅಪಾಯ ಮಾಡುತ್ತಿರಲಿಲ್ಲ. ಏಳು ಬೆರಳಿನ ಚಿತ್ರವನ್ನು ನಮ್ಮ ಕಾಕಾ ಫ್ರೇಮಿಗೆ ಕೊಡುತ್ತಿರಲಿಲ್ಲ. ನನಗೆ ಗೊತ್ತಿದ್ದ ನಿಜಗಳನ್ನೆಲ್ಲ ಅದಕ್ಕೆ ಒಂದೊಂದಾಗಿ ತಿನ್ನಿಸಿದೆ. ಮೀಟರ್ ಗೇಜ್ ನಿಜ, ವಯಸ್ಸು ನಿಜ, ಸ್ಟೇಷನ್ ನಿಜ. ಅವೆಲ್ಲ ಸೇರಿ ಒಂದು ಸುಳ್ಳನ್ನು ಗಟ್ಟಿ ಮಾಡಿದವು.

ಆ ವಾರ ನಾನು ಹಾಡು ಕೇಳಲು ಕೂತಾಗೆಲ್ಲ ಇದೇ ತಲೆಯಲ್ಲಿ. ಒಂದು ರಾತ್ರಿ ಸವಾಯಿ ಗಂಧರ್ವರ 78 ಆರ್‌ಪಿಎಂ ರೆಕಾರ್ಡಿನಿಂದ ಡಿಜಿಟಲ್ ಮಾಡಿದ ಒಂದು ಹಾಡು ಹಾಕಿದೆ. ಕೇಳಿದವರಿಗೆ ಗೊತ್ತು, ಮೊದಲು ಬರುವುದು ಹಾಡಲ್ಲ, ಗದ್ದಲ. ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಅದರ ಹಿಂದಿನಿಂದ ನಿಧಾನಕ್ಕೆ ಒಂದು ದನಿ ಎದ್ದು ಬರುತ್ತದೆ.

ಡಿಫ್ಯೂಷನ್ ಮಾಡೆಲ್ ಕೂಡ ಗದ್ದಲದಿಂದಲೇ ಶುರು ಮಾಡುತ್ತದೆ! ಕಲಿಯುವಾಗ ಅದಕ್ಕೆ ಚಿತ್ರಗಳ ಮೇಲೆ ಸ್ವಲ್ಪ ಸ್ವಲ್ಪ ಗದ್ದಲ ಸುರಿದು ಕೊಟ್ಟು, ಸುರಿದದ್ದು ಎಷ್ಟು ಅಂತ ಊಹಿಸಿ ತೆಗೆಯಲು ಕಲಿಸುತ್ತಾರೆ. ಚಿತ್ರ ಮಾಡು ಅಂದಾಗ ಕೈಗೆ ಬರೀ ಗದ್ದಲ ಕೊಡುತ್ತಾರೆ, ಹಳೆಯ ಟಿವಿಯಲ್ಲಿ ಚಾನೆಲ್ ಹೋದಾಗ ಬರುತ್ತಿದ್ದ ಇರುವೆ ಓಡಾಟದಂಥದ್ದು. ನಾವು ಬರೆದ ಪದಗಳನ್ನು ದಾರಿದೀಪ ಮಾಡಿಕೊಂಡು, ಹಂತ ಹಂತವಾಗಿ ಗದ್ದಲ ತೆಗೆಯುತ್ತಾ ಹೋಗುತ್ತದೆ. ಕೊನೆಗೆ ಒಂದು ಮುಖ ಮೂಡುತ್ತದೆ.

ಎರಡೂ ಕಡೆ ಗದ್ದಲ ಸರಿಸಿ ಒಬ್ಬರನ್ನು ಹುಡುಕುವ ಕೆಲಸ. ಆದರೆ ರೆಕಾರ್ಡಿನ ಗದ್ದಲದ ಹಿಂದೆ ನಿಜವಾಗಿ ಒಬ್ಬರು ಇದ್ದರು. ಒಂದು ದಿನ, ಒಂದು ಕೋಣೆಯಲ್ಲಿ, ಯಂತ್ರದ ಮುಂದೆ ಕೂತು ಉಸಿರು ಎಳೆದುಕೊಂಡು ಹಾಡಿದ್ದರು. ಆ ಉಸಿರು ಮೇಣದ ಮೇಲೆ ಗೀರು ಹಾಕಿದೆ. ನಮ್ಮ ಕಿವಿಗೆ ಎಷ್ಟೇ ಮಸುಕಾಗಿ ಬರಲಿ, ಅದು ಅವರಿಂದಲೇ ಬಂದದ್ದು. ನನ್ನ ಚಿತ್ರದ ಗದ್ದಲದ ಹಿಂದೆ ಯಾರೂ ಇರಲಿಲ್ಲ. ಮೇಲಿನ ಗೀರು ಕೂಡ ನಾನು ಹಾಕಿಸಿದ್ದು.

ಹಾಗಂತ ರೆಕಾರ್ಡು ಪೂರ್ತಿ ಸತ್ಯ ಅಂತಲ್ಲ. ಹತ್ತು ಇಂಚಿನ ತಟ್ಟೆಯ ಒಂದು ಮುಖಕ್ಕೆ ಹಿಡಿಸುವುದು ಸುಮಾರು ಮೂರು ನಿಮಿಷ. ಒಂದು ಗಂಟೆ ರಾಗ ಬೆಳೆಸುವವರು ಮೂರು ನಿಮಿಷಕ್ಕೆ ಕತ್ತರಿಸಿ ಹಾಡಿದ್ದಾರೆ. ಒಂದೊಂದೇ ಸ್ವರ ಎಣಿಸಿ ಖರ್ಚು ಮಾಡು ಅಂದ ಗುರುವಿನ ನಿಧಾನ ಅದರಲ್ಲಿ ಇರಲು ಸಾಧ್ಯವಿಲ್ಲ. ಹೆಸರುಗಳ ಕಥೆಯೂ ಅಷ್ಟೇ. ಗಂಗೂಬಾಯಿಯವರ ಶುರುವಿನ ರೆಕಾರ್ಡುಗಳ ಮೇಲೆ ಇರುವ ಹೆಸರು 'ಗಾಂಧಾರಿ'. ಇದೇ ದನಿ ಅಂತ ಬಲ್ಲವರು ಹೇಳದೆ ಹೋಗಿದ್ದರೆ ಅವರೇ ಬೇರೆ, ಇವರೇ ಬೇರೆ ಅಂತ ನಾವು ಬರೆದುಕೊಂಡು ಬಿಡುತ್ತಿದ್ದೆವು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿ ಮುದ್ರಿಸಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಚ್ಚಾಗುವಾಗ ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಲಿ ಅಂತ. ನೂರಿಪ್ಪತ್ತು ವರ್ಷ ಹಿಂದಿನ ತಂತ್ರಜ್ಞಾನಕ್ಕೂ ಈ ಸಮಸ್ಯೆ ಇತ್ತು, ಅವರು ಕಂಡುಕೊಂಡ ಉಪಾಯ ಸರಳ. ಇದು ಯಾರದು ಅನ್ನೋದನ್ನು ವಸ್ತುವಿನ ಒಳಗೇ ಸೇರಿಸಿಬಿಡೋದು. ನಾನು ಅಷ್ಟನ್ನೂ ಮಾಡಿರಲಿಲ್ಲ.

ಶನಿವಾರ ಕಾಕಾಗೆ ಫೋನ್ ಮಾಡಿದೆ. ಎರಡು ದಿನ ಮುಂದೂಡಿದ್ದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಬೆಳೆ, ಮಳೆ, ಅಪ್ಪನ ಮೊಣಕಾಲು ಎಲ್ಲ ಮಾತಾಡಿ ಆಮೇಲೆ ಹೇಳಿದೆ: "ಕಾಕಾ, ಆ ಫೋಟೋ ಖರೇ ಅಲ್ಲ. ಕಂಪ್ಯೂಟರಿನಾಗ ಮಾಡಿದ್ದು. ನಾನ ಮಾಡೀನಿ."

ಸ್ವಲ್ಪ ಹೊತ್ತು ಮಾತಿಲ್ಲ. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ.

"ಅಂದ್ರ, ಯಾರೋ ಹೆಣ್ಮಗಳನ್ನ ನಿಲ್ಲಿಸಿ ತಗದಿಯೇನು?"

"ಇಲ್ಲ ಕಾಕಾ. ಯಾರನ್ನೂ ನಿಲ್ಲಿಸಿಲ್ಲ."

"ಹಂಗಾರ ಅದರಾಗ ಯಾರೂ ಇಲ್ಲೇನು?"

"ಇಲ್ಲ."

"ಅಯ್ಯ ಶಿವನ," ಅಂದರು. ಆಮೇಲೆ ನಿಧಾನಕ್ಕೆ, "ನಾ ದಿನಾ ಮುಂಜಾನೆ ಎದ್ದು ಕೈ ಮುಗೀತಿದ್ನಲ್ಲೋ," ಅಂದರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಇದನ್ನು ಓದಿ ಎಐ ಚಿತ್ರ ಮಾಡೋದೇ ತಪ್ಪು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕಲ್ಪನೆಯ ಚಿತ್ರ ನಮಗೆ ಹೊಸದಲ್ಲ. ನಮ್ಮ ಜಿಲ್ಲೆಯ ಕಲಘಟಗಿಯ ತೊಟ್ಟಿಲು ನೋಡಿದ್ದೀರಾ? ಕಟ್ಟಿಗೆಯ ಮೇಲೆ ಬಣ್ಣದಲ್ಲಿ ಪುರಾಣದ ಕಥೆಗಳನ್ನೆಲ್ಲ ಬರೆದಿರುತ್ತಾರೆ. ಕೃಷ್ಣನ ಮುಂದೆ ಯಾರೂ ಕೂತು ಬರೆದದ್ದಲ್ಲ, ನೋಡುವವರಿಗೂ ಅದು ಗೊತ್ತು. ಬಿಡಿಸಿದವರು, ಕೊಂಡವರು, ಒಳಗೆ ಮಲಗಿದ ಮಗುವಿನ ತಾಯಿ, ಯಾರಿಗೂ ಗೊಂದಲ ಇಲ್ಲ. ಅದು ಚಿತ್ರ ಅಂತ ಹೇಳಿಕೊಂಡೇ ಚಿತ್ರವಾಗಿದೆ. ನನ್ನದು ಚಿತ್ರವಾಗಿದ್ದೂ ಸಾಕ್ಷಿಯ ವೇಷ ಹಾಕಿತ್ತು.

ಆ ದಿನದಿಂದ ಮೂರು ನಿಯಮ ಹಾಕಿಕೊಂಡಿದ್ದೇನೆ. ಬದುಕಿದ್ದ ವ್ಯಕ್ತಿಗಳ ಚಿತ್ರ ಮಾಡುವುದಿಲ್ಲ. ಹಳೆಯ ಫೋಟೋದ ವೇಷ ಹಾಕಿಸುವುದಿಲ್ಲ, ಬಣ್ಣದಲ್ಲೇ ಇರಲಿ, ಬರೆದ ಚಿತ್ರದಂತೆಯೇ ಕಾಣಲಿ. ಮತ್ತು ಚಿತ್ರದ ಮೇಲೇ, ಕತ್ತರಿಸಿದರೆ ಚಿತ್ರವೇ ಹಾಳಾಗುವ ಜಾಗದಲ್ಲಿ, 'ಕಲ್ಪನೆ, ಎಐ' ಅಂತ ಕನ್ನಡದಲ್ಲಿ ಬರೆಯುತ್ತೇನೆ. ಗೌಹರ್ ಜಾನ್ ಹೆಸರು ಕೂಗಿದ ಹಾಗೆ.

ನಾಲ್ಕನೆಯದು ನಿಯಮ ಅಲ್ಲ, ಕೆಲಸ. ಖಾಲಿ ಜಾಗ ತುಂಬೋಕೆ ಕೂತ ನನಗೆ, ಜಾಗ ಇನ್ನೂ ಪೂರ್ತಿ ಖಾಲಿಯಾಗಿಲ್ಲ ಅನ್ನೋದೇ ಹೊಳೆದಿರಲಿಲ್ಲ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು, ಪುಣೆಯಲ್ಲಿ. ಅವರ ನೆನಪಿಗೆ ಪುಣೆಯಲ್ಲಿ ಭೀಮಸೇನರು ಕಟ್ಟಿ ಬೆಳೆಸಿದ ಉತ್ಸವ ದೇಶಕ್ಕೆಲ್ಲ ಗೊತ್ತು. ಕುಂದಗೋಳದ ವಾಡೆಯಲ್ಲಿ ಅಹೋರಾತ್ರಿ ನಡೆಯುವ ಉತ್ಸವದಲ್ಲಿ ಗಂಗೂಬಾಯಿಯವರು ಅನೇಕ ವರ್ಷ ಹಾಡಿದರು. ಅವರು 2009ರ ಜುಲೈ 21ರಂದು ಹೋದರು, ಭೀಮಸೇನರು 2011ರ ಜನವರಿಯಲ್ಲಿ. ಆದರೆ ಅವರನ್ನು ಆ ವಾಡೆಯ ಜಮಖಾನದ ಮೇಲೆ ಕೂತು ಕೇಳಿದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಎಪ್ಪತ್ತು, ಎಂಬತ್ತು ವರ್ಷ. ಅವರ ತಲೆಯಲ್ಲಿ ಇರೋದು ಯಾವ 585 ಕೋಟಿಯ ಸಂಗ್ರಹದಲ್ಲೂ ಇಲ್ಲ. ಅದನ್ನು ರೆಕಾರ್ಡ್ ಮಾಡಲು ಬೇಕಾದ ಯಂತ್ರ ನಿಮ್ಮ ನಮ್ಮ ಎಲ್ಲರ ಜೇಬಿನಲ್ಲಿದೆ.

ದಸರಾ ರಜೆಗೆ ಊರಿಗೆ ಹೋದಾಗ ಕಾಕಾನ ಮುಂದೆ ಫೋನ್ ಇಟ್ಟು ಕೂತೆ. ಮೊದಲು ನಾಚಿಕೊಂಡರು. ಆಮೇಲೆ ಎರಡು ಗಂಟೆ ಮಾತಾಡಿದರು. ಮೊದಲ ಸಲ ಅವರಪ್ಪನ ಹೆಗಲ ಮೇಲೆ ಕೂತು ವಾಡೆಗೆ ಹೋದದ್ದು. ರಾತ್ರಿ ನಡುವೆ ಚಹಾ ಹಂಚುತ್ತಿದ್ದ ಕೆಟಲಿಯ ಸದ್ದಾದರೆ ಮುಂದೆ ಕೂತವರು ತಿರುಗಿ ಕಣ್ಣು ಬಿಡುತ್ತಿದ್ದದ್ದು. ಬೆಳಗಿನ ಜಾವ ಗಂಗೂಬಾಯಿಯವರು ಹಾಡಲು ಕೂತಾಗ ಹೊರಗೆ ಎತ್ತಿನ ಗಾಡಿಯಲ್ಲಿ ಮಲಗಿದ್ದವರೂ ಎದ್ದು ಬಂದದ್ದು. "ಮೈಕ್ ಕೆಟ್ಟಿತ್ತ ಒಂದ ವರ್ಷ. ಆದ್ರೂ ಆಕಿ ದನಿ ಕಡೀ ಸಾಲಿನಾಗ ಕುಂತ ನಮಗ ಎದ್ಯಾಗ ಬಡೀತು" ಅಂದರು. ಎಲ್ಲ ಮಾತೂ ದಿನಾಂಕಕ್ಕೆ ಸರಿ ಹೊಂದುತ್ತದೆ ಅಂತ ನಾನು ಹೇಳಲಾರೆ. ಆದರೆ ಕೇಳಿದವರೊಬ್ಬರು ಅಲ್ಲಿ ಇದ್ದರು.

ಕೊನೆಗೆ ಫ್ರೇಮಿನ ವಿಚಾರ. ಹುಬ್ಬಳ್ಳಿಯಲ್ಲಿ ದುಡ್ಡು ಕೊಟ್ಟು ಆಗಿತ್ತು, ಗಾಜು ಹಾಕಿದ ಚೆಂದದ ಫ್ರೇಮು. ನಾನು ಕ್ಷಮೆ ಕೇಳಲು ಬಾಯಿ ತೆಗೆಯುವಷ್ಟರಲ್ಲಿ ಕಾಕಾ ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದರು. ಯಾವುದೋ ಹಳೆಯ ವರ್ಷದ ಉತ್ಸವದ ಆಮಂತ್ರಣ ಪತ್ರಿಕೆ. ನಾಲ್ಕು ಮಡಿಕೆ, ಒಂದು ಮೂಲೆ ಇಲಿ ತಿಂದಿದೆ, ನಡುವೆ ಚಹಾದ ಕಲೆ. ಹಿಂದೆ ಪೆನ್ಸಿಲಿನಲ್ಲಿ ಬಸ್ಸಿನ ಟೈಮು ಬರೆದುಕೊಂಡಿದ್ದಾರೆ.

"ಇದನ್ನ ಹಾಕೋಣ," ಅಂದರು.

ಹಿಂದಿನ ರಟ್ಟು ಬಿಚ್ಚಿ, ನನ್ನ ಫೋಟೋ ತೆಗೆದು, ಅದನ್ನು ಹಾಕಿದೆವು. ಇಲಿ ತಿಂದ ಮೂಲೆ ಹಾಗೇ ಕಾಣುತ್ತದೆ.